ಗೆರೆಯ ಈಚೆ ನಿಂತವರು

1991ರ ನವೆಂಬರ್, ಚೀನಾದ ಫೋಶಾನ್. ಮಹಿಳೆಯರ ಮೊತ್ತಮೊದಲ ಫುಟ್‌ಬಾಲ್ ವಿಶ್ವಕಪ್. ಸೀಟಿ ಊದಿ ಅರ್ಧ ನಿಮಿಷವಾಗಿತ್ತೋ ಇಲ್ಲವೋ, ಸ್ವೀಡನ್ನಿನ ಲೇನಾ ವಿಡೆಕುಲ್ ಜಪಾನಿನ ಮೇಲೆ ಗೋಲು ಹೊಡೆದಾಗಿತ್ತು. ಆಟ ಮುಗಿಯುವಾಗ 8-0. ಆ ವಿಶ್ವಕಪ್ಪಿನಲ್ಲಿ ಜಪಾನ್ ಆಡಿದ್ದು ಮೂರೇ ಪಂದ್ಯ. ಬಿಟ್ಟುಕೊಟ್ಟ ಗೋಲು ಹನ್ನೆರಡು, ಹೊಡೆದದ್ದು ಒಂದೂ ಇಲ್ಲ. ಆ ತಂಡದಲ್ಲಿ ಫುಕುಶಿಮಾದಿಂದ ಬಂದ 23ರ ಹರೆಯದ ಮಿಡ್‌ಫೀಲ್ಡರ್ ಅಸಾಕೊ ತಕಾಕುರಾ ಇದ್ದರು.

2014ರ ಏಪ್ರಿಲ್, ಕೋಸ್ಟರಿಕಾದ ಸಾನ್ ಹೊಸೆ. ಹದಿನೇಳರೊಳಗಿನ ಹುಡುಗಿಯರ ವಿಶ್ವಕಪ್ ಫೈನಲ್ಲಿನಲ್ಲಿ ಜಪಾನ್ ಸ್ಪೇನನ್ನು 2-0ಯಿಂದ ಸೋಲಿಸಿತು. ಆ ಹುಡುಗಿಯರ ಕೋಚ್ ಇದೇ ತಕಾಕುರಾ.

ಇವೆರಡನ್ನು ಅಕ್ಕಪಕ್ಕ ಇಟ್ಟಾಗಲೆಲ್ಲ ನನಗೆ ಬೆರಗು. ತನಗೇ ಸಿಗದಿದ್ದುದನ್ನು ಇನ್ನೊಬ್ಬರಿಗೆ ಕೊಡುವುದು ಹೇಗೆ? ಕೈಗಡ ಕೊಡುವುದಕ್ಕೂ ಪೆಟ್ಟಿಗೆಯಲ್ಲಿ ನಾಲ್ಕು ಕಾಸು ಇರಬೇಕಲ್ಲ!

ಅವರು ಗೆಲುವನ್ನೇ ಕಾಣದವರು ಎಂದರೆ ಸುಳ್ಳಾದೀತು. ಹೈಸ್ಕೂಲಿನ ಹುಡುಗಿ ವಾರಾಂತ್ಯಕ್ಕೆ ಫುಕುಶಿಮಾದಿಂದ ಟೋಕಿಯೊಗೆ ರೈಲು ಹತ್ತುತ್ತಿದ್ದುದು ಆಟವಾಡುವುದಕ್ಕಾಗಿಯೇ. ಹದಿನಾರಕ್ಕೆ ದೇಶದ ಅಂಗಿ ತೊಟ್ಟರು. ಮುಂದೆ ಅವರು ಸೇರಿದ ಬೆಲೆಜಾ ಕ್ಲಬ್ 1990ರಿಂದ ಸತತ ನಾಲ್ಕು ವರ್ಷ ಲೀಗ್ ಗೆದ್ದಿತು. ಆದರೆ ಮನೆಯ ಗೆಲುವು ಬೇರೆ, ಲೋಕದೆದುರಿನ ಗೆಲುವು ಬೇರೆ. 1995ರಲ್ಲಿ ಬ್ರೆಜಿಲ್ ವಿರುದ್ಧ 2-1, ವಿಶ್ವಕಪ್ಪಿನಲ್ಲಿ ಜಪಾನಿಗೆ ಅದೇ ಮೊದಲ ಗೆಲುವು. ಮರುವರ್ಷ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಮೂರಕ್ಕೆ ಮೂರೂ ಸೋಲು. ಕೊನೆಗೆ 2011ರಲ್ಲಿ, ಭೂಕಂಪ ಸುನಾಮಿಗಳು ಅವರ ಫುಕುಶಿಮಾವನ್ನೇ ನಡುಗಿಸಿದ ನಾಲ್ಕು ತಿಂಗಳಿಗೆ, ಜಪಾನ್ ವಿಶ್ವಕಪ್ ಎತ್ತಿಕೊಂಡಿತು. ಕಪ್ ಹಿಡಿದದ್ದು ಬೆಲೆಜಾದಲ್ಲಿ ಜೊತೆಗೆ ಆಡಿದ್ದ ಕಿರಿಯ ಗೆಳತಿ ಹೊಮಾರೆ ಸಾವಾ. ತಕಾಕುರಾ ಆಗ ಮೈದಾನದಲ್ಲೂ ಇಲ್ಲ, ಬೆಂಚಿನಲ್ಲೂ ಇಲ್ಲ.

ಇಂಥವರು ಕಲಿಸಲು ನಿಂತಾಗ ಏನನ್ನು ಕಲಿಸುತ್ತಾರೆ? ಮಿಡ್‌ಫೀಲ್ಡರಿಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಮಾತಿಗೆ ಸಿಕ್ಕುವಂಥದ್ದಲ್ಲ. ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಹಿಂದಕ್ಕೊಂದು ನೋಟ, ಎದುರಾಳಿ ಇನ್ನೂ ತಲುಪಿರದ ಜಾಗದ ಸುಳಿವು, ಯಾವ ಪಾದದಲ್ಲಿ ಚೆಂಡನ್ನು ತಡೆದರೆ ಮುಂದಿನ ದಾರಿ ತೆರೆದೀತು ಎಂಬ ಅಂದಾಜು. ಇದೆಲ್ಲ ಮೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಪಂದ್ಯ ನಡೆಯುವಾಗ ಕೋಚ್ ಆದವರಿಗೆ ಮೈಯನ್ನು ಬಳಸುವ ಹಕ್ಕೇ ಇಲ್ಲ. ಮೈದಾನದಂಚಿನಲ್ಲಿ ಅವರಿಗೆಂದು ಗುರುತು ಹಾಕಿಟ್ಟ ಒಂದಿಷ್ಟು ಜಾಗ. ಅದನ್ನು ದಾಟಿದರೆ ರೆಫರಿ ಗದರುತ್ತಾರೆ. ಮೂವತ್ತು ವರ್ಷ ಕಾಲು ಕಲಿತದ್ದನ್ನೆಲ್ಲ ಗಂಟಲಿನಿಂದ ದಾಟಿಸಬೇಕು, ಅದೂ ಮತ್ತೊಬ್ಬಳ ಕಾಲಿಗೆ. ಸಂಗೀತದ ಮೇಷ್ಟರಾದರೂ ಹಾಡಿ ತೋರಿಸಬಹುದು. ಪಂದ್ಯದ ನಡುವೆ ಇವರು ಆಡಿ ತೋರಿಸುವಂತಿಲ್ಲ.

ಸೋತವರಿಗೆ ಇಲ್ಲೊಂದು ಅನುಕೂಲ ಇದ್ದೀತು ಎಂದು ನನ್ನ ಊಹೆ. ಸಲೀಸಾಗಿ ಗೆದ್ದವರು ಹೇಗೆ ಗೆದ್ದೆವೆಂದು ವಿಚಾರಿಸಲು ನಿಲ್ಲುವುದಿಲ್ಲ. ಎಂಟು ಗೋಲು ಬಿಟ್ಟುಕೊಟ್ಟವರು ಒಂದೊಂದನ್ನೂ ರಾತ್ರಿಯಿಡೀ ಮತ್ತೆ ಆಡಿ ನೋಡುತ್ತಾರೆ, ಎಲ್ಲಿ ನಿಂತಿದ್ದರೆ ಆ ಚೆಂಡು ಸಿಗುತ್ತಿತ್ತು ಎಂದು. ಹಾಗೆ ಲೆಕ್ಕ ಹಾಕಿದವರ ಬಳಿ ಹೇಳಲು ಮಾತಿರುತ್ತದೆ.

1981ರಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ ಜಪಾನಿನ ಮಹಿಳಾ ತಂಡಕ್ಕೆ ಮಹಿಳೆಯೊಬ್ಬರು ಮುಖ್ಯ ಕೋಚ್ ಆಗಿ ಬಂದದ್ದು 2016ರಲ್ಲಿ, ತಕಾಕುರಾ ಅವರೇ. ಮೂವತ್ತೈದು ವರ್ಷ! ಇದು ಬೆರಗಿಗಿಂತ ತುಸು ಕಹಿಯಾದ ಸಂಗತಿ. 2018ರಲ್ಲಿ ಏಷ್ಯಾ ಕಪ್ಪೂ ಬಂತು, ಏಷ್ಯನ್ ಗೇಮ್ಸ್ ಚಿನ್ನವೂ ಬಂತು. ದೊಡ್ಡವರ ವಿಶ್ವಕಪ್ ಮಾತ್ರ ಬರಲಿಲ್ಲ. 2021ರ ಒಲಿಂಪಿಕ್ಸಿನಲ್ಲಿ, ತಮ್ಮದೇ ನೆಲದಲ್ಲಿ, ಕ್ವಾರ್ಟರ್ ಫೈನಲ್ಲಿನಲ್ಲೇ ಸೋತು ಅವರು ಹುದ್ದೆ ಬಿಟ್ಟರು. ಸೋಲಿಸಿದ್ದು ಸ್ವೀಡನ್, 3-1.

ಕೋಸ್ಟರಿಕಾದ ಆ ಹುಡುಗಿಯರಲ್ಲಿ ಯುಯಿ ಹಾಸೆಗಾವಾ ಒಬ್ಬರು. ಅವರೂ ಬೆಲೆಜಾದಲ್ಲೇ ಬೆಳೆದವರು, ಈಗ ಮ್ಯಾಂಚೆಸ್ಟರ್ ಸಿಟಿಯ ಮಿಡ್‌ಫೀಲ್ಡರ್. ತಮಗಿಂತ ಎತ್ತರದವರ ನಡುವೆ ಅವರು ಚೆಂಡು ಕಸಿಯುವುದನ್ನು ನೋಡುವಾಗ ಇದರಲ್ಲಿ ಯಾರ ಪಾಲೆಷ್ಟು ಎಂದು ಕೇಳಬೇಕೆನಿಸುತ್ತದೆ. ಗೋಲಿಗೂ ಪಾಸಿಗೂ ಅಂಕಿಅಂಶದ ಪಟ್ಟಿಯಲ್ಲಿ ಕಾಲಮ್ ಇದೆ. ಇದಕ್ಕೆ ಇಲ್ಲ, ಇರುವುದೂ ಬೇಡ.