ಅನುಪಲಬ್ಧಿಯೂ ಅಭಾವವೂ

ಖಾನಾಪುರದ ಮಣ್ಣು ಮಡಕೆ-ಹಂಚುಗಳಿಗೆ ಹೆಸರಾದುದು. ಕುಂಬಾರನು ಆವಿಗೆಗೆ ಬೆಂಕಿಯಿಟ್ಟು ಮೇಲೆ ಹುಲ್ಲು-ಮಣ್ಣುಗಳನ್ನು ಮುಚ್ಚಿದ ಬಳಿಕ ಜ್ವಾಲೆಯು ಕಣ್ಣಿಗೆ ಬೀಳುವುದಿಲ್ಲ. ಆದರೂ ಅಂಗೈಯನ್ನು ಸಮೀಪಕ್ಕೆ ಹಿಡಿದರೆ ಒಳಗಿನ ಉರಿ ತಿಳಿಯುವುದು. ಕಾಣದುದೆಲ್ಲವೂ ಇಲ್ಲದುದಲ್ಲವೆಂಬುದಕ್ಕೆ ಬೇರೆ ದೃಷ್ಟಾಂತವೇಕೆ?

ಇರುವ ವಸ್ತುವೂ ತೋರದಿರುವುದಕ್ಕೆ ಈಶ್ವರಕೃಷ್ಣನು ಸಾಂಖ್ಯಕಾರಿಕೆಯಲ್ಲಿ ಎಂಟು ಕಾರಣಗಳನ್ನೆಣಿಸಿರುವನು. ಅವುಗಳಲ್ಲಿ ವ್ಯವಧಾನ, ಎಂದರೆ ನಡುವೆ ಅಡ್ಡವಿರುವುದು, ಒಂದು. ನಕ್ಷತ್ರಗಳ ಜನನವು ಇಂತಹ ವ್ಯವಧಾನದ ಹಿಂದೆಯೇ ನಡೆಯುವುದು. ಅನಿಲ ಮತ್ತು ಧೂಳಿನ ತಣ್ಣನೆಯ ಮೋಡವು ತನ್ನ ಭಾರದಿಂದಲೇ ಕುಸಿದು ನಡುವೆ ಕಾಯತೊಡಗಿದಾಗ, ಆ ಧೂಳೇ ಬೆಳಕನ್ನು ನುಂಗಿಬಿಡುವುದು. ಆದರೆ ಧೂಳು ತಾನೂ ಕಾದು ಅವರಕ್ತವೆಂಬ ಶಾಖದ ಕಿರಣಗಳನ್ನು ಹೊರಸೂಸುವುದು. ಅದಕ್ಕಿಂತ ದೀರ್ಘವಾದ ರೇಡಿಯೋ ತರಂಗಗಳಿಗಂತೂ ಆ ತೆರೆಯು ತೆರೆಯೇ ಅಲ್ಲ.

ಮೃಗಶಿರೆಯ ಕೆಳಗಡೆ ಚಳಿಗಾಲದ ಇರುಳಿನಲ್ಲಿ ಮಸುಕಾಗಿ ತೋರುವ ಓರಯನ್ ನೀಹಾರಿಕೆಯು ಸುಮಾರು 1,300 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅದರ ಹಿಂದೆ, ಸಾಮಾನ್ಯ ದೂರದರ್ಶಕಕ್ಕೆ ಏನೂ ಕಾಣದ ಸ್ಥಳದಲ್ಲಿ, ಅವರಕ್ತದಲ್ಲಿ ಪ್ರಖರವಾಗಿ ಬೆಳಗುವ ಕಾಯವೊಂದನ್ನು 1967ರಲ್ಲಿ ಬೆಕ್ಲಿನ್, ನ್ಯೂಗೆಬೌರ್ ಎಂಬ ಪಂಡಿತರು ಪ್ರಕಟಪಡಿಸಿದರು. ಅದು ಆಗತಾನೆ ಹುಟ್ಟುತ್ತಿರುವ ನಕ್ಷತ್ರವೆಂದು ಊಹೆಯಾಯಿತು. ಮುಂದೆ ರೇಡಿಯೋ ಅಳತೆಗಳಿಂದ ಅದು ವೇಗವಾಗಿ ಓಡುತ್ತಿರುವುದು ತಿಳಿದುಬರಲು, ಸಂಗಾತಿಗಳ ನಡುವಿನಿಂದ ಹೊರದೂಡಲ್ಪಟ್ಟುದಿರಬೇಕೆಂದು ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು. ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವುದು ಸರಿ. ಒಳಗೆ ಬೇಯುತ್ತಿರುವುದು ಅನ್ನವೋ ಬೇಳೆಯೋ ಎಂದು ಹೇಳಹೊರಟರೆ ತಪ್ಪೀತು.

ಬೆಳಗಾವಿಯ ಮಳೆಗಾಲದಂತಹ ತೇವವು ಈ ಕಿರಣಗಳಿಗೆ ಶತ್ರು. ಅದಕ್ಕೆಂದೇ ಲಡಾಖದ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದ ಒಣ ಗಾಳಿಯಲ್ಲಿ, 2 ಮೀಟರ್ ಕನ್ನಡಿಯ ದೂರದರ್ಶಕವನ್ನಿಟ್ಟು, ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು ಅದನ್ನು ನಡೆಸುತ್ತಾರೆ. ಕಾಣದುದನ್ನು ಕಾಣಲು ಇಷ್ಟು ಸಾಹಸ!

ಮನುಷ್ಯರ ವಿಷಯದಲ್ಲಿ ಈ ಸಾಹಸವೆಲ್ಲಿ? ಖಾನಾಪುರದ ಕಾಡಿನ ಹಳ್ಳಿಯಿಂದ ಬೆಳಗಾವಿಯ ಶಾಲೆಗೆ ಬಂದ ಹುಡುಗನಿಗೆ ಮನೆಯ ನುಡಿಯೊಂದು, ಪಾಠದ ನುಡಿಯೊಂದು. ಅವನು ಬಾಯಿ ತೆರೆಯನು. ಒಂದು ತಿಂಗಳು ಕಳೆಯುವುದರೊಳಗೆ ಉಪಾಧ್ಯಾಯರು ಮಂದಮತಿಯೆಂದು ತೀರ್ಮಾನಿಸುವರು. ಈಶ್ವರಕೃಷ್ಣನ ಎಂಟರಲ್ಲಿ ಇಂದ್ರಿಯದ ದೋಷ, ಮನಸ್ಸಿನ ಅನವಧಾನ ಎಂಬೆರಡೂ ನೋಡುವವನಿಗೆ ಸೇರಿದವುಗಳೆಂಬುದನ್ನು ಅವರು ನೆನೆಯರು. ಹೆತ್ತವರಿಗೋ ಅತಿಸಾಮೀಪ್ಯವೇ ಅಡ್ಡಿ; ಚುರುಕಾದ ಅಣ್ಣನಿದ್ದರಂತೂ ಹಗಲಿನ ಚುಕ್ಕೆಯಂತೆ ತಮ್ಮನು ಮರೆಯಾಗುವನು.

ಓರಯನ್ನಿನ ಆ ಕಾಯದ ವಿಷಯದಲ್ಲಿ ಪಂಡಿತರು ತಮ್ಮ ಮಾತನ್ನು ತಿದ್ದಲು ಹಲವು ವರ್ಷಗಳು ಹಿಡಿದವು. ಅದರಿಂದ ನಕ್ಷತ್ರಕ್ಕೆ ನಷ್ಟವೇನೂ ಆಗಲಿಲ್ಲ. ಹುಡುಗನಾದರೋ ಅಷ್ಟರಲ್ಲಿ ಶಾಲೆಯನ್ನು ಬಿಟ್ಟು, ಊರಿಗೆ ಹಿಂದಿರುಗಿ, ದನಗಳ ಹಿಂದೆ ಹೋಗಿರುತ್ತಾನೆ.