ಭಕ್ತನು ವಾದಿಯಾಗಬಹುದೇ?

"ಗೆದ್ದವ ಸೋತ, ಸೋತವ ಸತ್ತ" ಎಂಬ ಗಾದೆ ಕನ್ನಡ ನಾಡಿನ ಗೃಹಸ್ಥರಿಗೆ ಹೊಸದಲ್ಲ. ನ್ಯಾಯಸ್ಥಾನದ ಮೆಟ್ಟಿಲು ಹತ್ತುವುದೇ ಮನೆತನಕ್ಕೆ ಕುಂದೆಂದು ಬಗೆದು, ನ್ಯಾಯವಾಗಿ ಬರಬೇಕಾದುದನ್ನೂ ಬಿಟ್ಟು ಸುಮ್ಮನಾಗುವವರು ಅನೇಕರುಂಟು. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದ ಭಕ್ತನು ಇನ್ನೊಬ್ಬನ ಮೇಲೆ ದಾವೆ ಹೂಡಿ 'ವಾದಿ' ಎನಿಸಿಕೊಳ್ಳಬಹುದೇ? ಈ ಪ್ರಶ್ನೆಗೆ ಉತ್ತರವನ್ನು ಅರಸುವ ಮೊದಲು ಆ ಶಬ್ದವೇ ಏನು ಹೇಳುತ್ತದೆಂಬುದನ್ನು ವಿಚಾರಿಸುವುದು ಯುಕ್ತ.

'ವದ್' ಎಂಬ ಧಾತುವಿನಿಂದ ಹುಟ್ಟಿದ ವಾದಿಶಬ್ದಕ್ಕೆ ನುಡಿಯುವವನು ಎಂಬುದೇ ಅರ್ಥ. ಜಗಳಗಂಟನೆಂಬ ಅರ್ಥ ಅದರಲ್ಲಿಲ್ಲ. ತರ್ಕಶಾಸ್ತ್ರಕಾರರಂತೂ ವಾದ, ಜಲ್ಪ, ವಿತಂಡಗಳೆಂದು ಮೂರು ಬಗೆಯನ್ನು ವಿಂಗಡಿಸಿ, ತತ್ತ್ವನಿರ್ಣಯಕ್ಕಾಗಿ ನಡೆಯುವುದನ್ನು ಮಾತ್ರ ವಾದವೆಂದರು. ಗೆಲ್ಲುವುದೊಂದೇ ಗುರಿಯಾದರೆ ಅದು ಜಲ್ಪ. ಈ ಲಕ್ಷಣವನ್ನು ಹಿಡಿದು ನೋಡಿದರೆ ಇಂದಿನ ನ್ಯಾಯಾಲಯಗಳಲ್ಲಿ ವಾದಿಗಳಿಗಿಂತ ಜಲ್ಪಕರೇ ಹೆಚ್ಚೆನ್ನಬೇಕಾದೀತು! ಧರ್ಮಶಾಸ್ತ್ರದಲ್ಲಿ ವಾದಿಗೆ 'ಅರ್ಥಿ'ಯೆಂದೂ ಹೆಸರು, ಅರ್ಥಿಯೆಂದರೆ ಬೇಡುವವನು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರಾ ವ್ಯಾಖ್ಯಾನವು ವ್ಯವಹಾರಕ್ಕೆ ನಾಲ್ಕು ಪಾದಗಳನ್ನು ಹೇಳುತ್ತದೆ: ಅರ್ಥಿಯ ನಿವೇದನ, ಪ್ರತ್ಯರ್ಥಿಯ ಉತ್ತರ, ಪ್ರಮಾಣ, ಸಿದ್ಧಿ. ಮುಂದೆ ಶರಣರು ನೆರೆದ ಕಲ್ಯಾಣವೂ ಅದೇ. ಪಾರಸಿಯಿಂದ ಬಂದ 'ಫಿರ್ಯಾದಿ'ಯಾದರೋ ಮೊರೆಯಿಡುವವನು. ಈ ಮಾತು ಇಂದು ಹೆಚ್ಚಾಗಿ ಪೊಲೀಸು ಠಾಣೆಯ ದೂರುಗಳಲ್ಲಿ ಉಳಿದಿದೆ. ಹೀಗೆ ನುಡಿಯುವವನು, ಬೇಡುವವನು, ಮೊರೆಯಿಡುವವನು ಎಂಬ ಮೂವರು ಒಬ್ಬನಲ್ಲಿಯೇ ಸೇರಿದ್ದಾರೆ. ಇವರಲ್ಲಿ ನಿಂದ್ಯನಾದವನು ಯಾರು? ಕನ್ನಡಿಗರು ಮಾತ್ರ ದಾವೆಯನ್ನು 'ಹೂಡು'ತ್ತಾರೆ. ನೇಗಿಲನ್ನೂ ಹೂಡುತ್ತಾರೆ, ಬಾಣವನ್ನೂ ಹೂಡುತ್ತಾರೆ. ದೋಷವಿರುವುದಾದರೆ ಅದು ಹೂಡುವ ಕೈಯ ಬಗೆಯಲ್ಲಿ.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಕೇಳದ ಭಕ್ತರಿಲ್ಲ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಸತಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳು. ಗಮನಿಸಬೇಕಾದುದು ಇಷ್ಟೆ: ನಿತ್ಯದ ಅಕ್ಕಿಯನ್ನು ಆಕೆ ಬೇಡವೆನ್ನಲಿಲ್ಲ. ತನ್ನ ಪಾಲನ್ನು ಬಿಡುವುದೇ ವೈರಾಗ್ಯವೆಂದು ತಿಳಿದವಳಲ್ಲ ಆಕೆ. ಪಾಲಿಗೆ ಮೀರಿದುದು ಮನೆಯೊಳಗೆ ಬರಬಾರದೆಂಬುದು ಆಕೆಯ ನಿಷ್ಠೆ. ಸಾವಿರ ರೂಪಾಯಿ ಬರಬೇಕಾದಲ್ಲಿ ಎರಡು ಸಾವಿರವೆಂದು ಬರೆಯಿಸಿ, "ಕೇಳಿದಷ್ಟು ಸಿಕ್ಕುವುದುಂಟೆ" ಎನ್ನುವ ವಾದಿಯ ವಾದಪತ್ರವನ್ನು ಲಕ್ಕಮ್ಮನ ಕೈಗೆ ಕೊಟ್ಟರೆ ಏನಾದೀತೆಂಬುದನ್ನು ಊಹಿಸಬಹುದು.

1908ನೆಯ ಇಸವಿಯ ಸಿವಿಲ್ ಪ್ರಕ್ರಿಯಾ ಸಂಹಿತೆಯೂ ಈ ವಿಷಯದಲ್ಲಿ ಮೌನವಾಗಿಲ್ಲ. ವಾದಪತ್ರದ ಕೊನೆಯಲ್ಲಿ ಸತ್ಯಾಪನೆಯೆಂಬುದೊಂದುಂಟು. ಯಾವ ಪರಿಚ್ಛೇದ ಸ್ವಂತ ತಿಳಿವಿನಿಂದ ಬಂದುದು, ಯಾವುದು ಅನ್ಯರಿಂದ ತಿಳಿದು ಸತ್ಯವೆಂದು ನಂಬಿದುದು ಎಂದು ಬೇರೆ ಬೇರೆಯಾಗಿ ಹೇಳಿ, ಸ್ಥಳ ದಿನಾಂಕಗಳೊಡನೆ ಸಹಿ ಮಾಡಬೇಕು. ತಾನು ಕಂಡುದೆಷ್ಟು, ಕೇಳಿದುದೆಷ್ಟು ಎಂದು ತನ್ನನ್ನೇ ಪ್ರಶ್ನಿಸಿಕೊಳ್ಳುವ ಈ ಘಳಿಗೆಗಿಂತ ಮಿಗಿಲಾದ ಆತ್ಮಪರೀಕ್ಷೆ ಗೃಹಸ್ಥನಿಗೆ ಎಷ್ಟು ಸಲ ಒದಗುತ್ತದೆ? ಆದರೆ ವಕೀಲರ ಗುಮಾಸ್ತನು ತೋರಿಸಿದ ಕಡೆ ಓದದೆ ರುಜು ಹಾಕಿ ಬರುವುದೇ ರೂಢಿಯಾಗಿದೆ. ಸುಳ್ಳು ದಾವೆಗೆ ಸಂಹಿತೆಯು ಪರಿಹಾರಧನವನ್ನು ವಿಧಿಸುತ್ತದೆ, ನಿಜ; ಸಾಮಾನ್ಯ ವ್ಯಾಜ್ಯಗಳಲ್ಲಿ ಅದರ ಮಿತಿ ಮೂರು ಸಾವಿರ ರೂಪಾಯಿ. ಅಷ್ಟು ಭಯಕ್ಕೆ ಅಂಜುವವರು ಯಾರು! ನುಡಿಗೂ ನಡೆಗೂ ಅಂತರವಿರಬಾರದೆಂಬ ಶರಣರ ಶಾಸನಕ್ಕೆ ಅಂಜಿದರೆ ಮಾತ್ರ ಆ ಸಹಿಗೆ ಬೆಲೆ.

ವಾದಿಯೆಂಬ ಹೆಸರು ಅತ್ಯಂತ ಕ್ರೂರವಾಗಿ ತಾಗುವುದು ತವರಿನ ಆಸ್ತಿಯಲ್ಲಿ ಪಾಲು ಕೇಳಿದ ಹೆಣ್ಣುಮಗಳಿಗೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೆತ್ತಿಯೇ ಇವರಿಗೂ ಅನ್ವಯಿಸುತ್ತದೆ. ಕರ್ನಾಟಕವು 1994ರಲ್ಲಿ, ಆ ವೇಳೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಅವಿಭಕ್ತ ಆಸ್ತಿಯಲ್ಲಿ ಹಕ್ಕು ಕೊಟ್ಟಿತು. 2005ರ ತಿದ್ದುಪಡಿಯು ದೇಶಕ್ಕೆಲ್ಲ ಈ ನಿಯಮವನ್ನು ವಿಸ್ತರಿಸಿ ಮದುವೆಯಾದವರನ್ನೂ ಸೇರಿಸಿತು. ಅದು ಹುಟ್ಟಿನಿಂದಲೇ ಬಂದ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ನಿರ್ಣಯಿಸಿತು. ಹೀಗಿದ್ದೂ ಆಕೆ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಒಳ್ಳೆಯ ಮಗಳು, ದಾವೆ ಹೂಡಿದರೆ ಮನೆಮುರುಕಿ. ಹೆಣ್ಣು ಗಂಡೆಂಬ ಭೇದವೆಣಿಸದೆ ಇಷ್ಟಲಿಂಗವನ್ನು ಕೊಟ್ಟ ಧರ್ಮದ ಮನೆಗಳಲ್ಲಿ ಈ ಮಾತು ಕೇಳಿಬರಬಹುದೇ? ಆಕೆಯೂ ಲಕ್ಕಮ್ಮನಂತೆ ತನ್ನ ಅಳತೆಯನ್ನು ಮೀರಬಾರದು, ಸರಿ. ಆದರೆ ಆ ಮನೆಯಲ್ಲಿ ಹೆಚ್ಚಿನ ಅಕ್ಕಿ ಯಾರ ಮಡಿಲಲ್ಲಿದೆಯೆಂಬುದನ್ನೂ ನೋಡಬೇಕಷ್ಟೆ.

ಇಲ್ಲಿ ನ್ಯಾಯಶಾಸ್ತ್ರದ ಒಂದು ಸೂಕ್ಷ್ಮವಿದೆ. ಪಾಲಿನ ದಾವೆಯಲ್ಲಿ ವಾದಿ ಪ್ರತಿವಾದಿ ಎಂಬ ಭೇದ ಹೆಸರಿಗೆ ಮಾತ್ರ. ಪಾಲುಳ್ಳ ಪ್ರತಿವಾದಿಯನ್ನೂ ನ್ಯಾಯಾಲಯವು ವಾದಿಯ ಸ್ಥಾನದಲ್ಲಿರುವವನೆಂದೇ ಭಾವಿಸುತ್ತದೆ. ತಂಗಿಯನ್ನು ಊರ ಮುಂದೆ ಜರೆದ ಅಣ್ಣನು, ತನ್ನ ಪಾಲನ್ನೂ ಬೇರ್ಪಡಿಸಿಕೊಡಬೇಕೆಂದು ಶುಲ್ಕ ಕಟ್ಟಿ ಬರೆದುಕೊಟ್ಟ ದಿನ, ಅದೇ ಕಡತದಲ್ಲಿ ಆಕೆಯ ಪಕ್ಕದಲ್ಲಿಯೇ ಅರ್ಥಿಯಾಗಿ ನಿಂತಿರುತ್ತಾನೆ.