ಉಪಯೋಗ ಮುಗಿದ ಮೇಲೂ ಉಳಿಯುವ ನಂಟು

ಒಬ್ಬರ ಮೇಲೆ ನಾವು ಇಟ್ಟಿರುವ ಅಭಿಮಾನ ನಿಜವಾದುದೇ ಎಂದು ತಿಳಿಯುವುದು ಹೇಗೆ? ಆತ ವೇದಿಕೆಯ ಮೇಲಿರುವಾಗ ಚಪ್ಪಾಳೆ ತಟ್ಟುವುದು ಸುಲಭ. ಆತನ ಕೈಕಾಲು ಸೋತ ಮೇಲೆ, ಅವನಿಂದ ನಮಗೆ ಇನ್ನೇನೂ ಸಿಗದು ಎಂದಾದ ಮೇಲೆ ನಾವೇನು ಮಾಡುತ್ತೇವೆ ಎಂಬುದೇ ನಿಜವಾದ ಪರೀಕ್ಷೆ. ಈ ಪ್ರಶ್ನೆಗೆ ನಮ್ಮಲ್ಲಿ ಹೆಚ್ಚಿನವರು ಹುಡುಕದ ಜಾಗದಲ್ಲಿ ಒಂದು ಉತ್ತರವಿದೆ. ಅದು ಹೆವಿ ಮೆಟಲ್ ಸಂಗೀತದ ಲೋಕ.

2007ರ ಮಾರ್ಚ್ 17ರಂದು ಬ್ರಿಟನ್ನಿನ ಐರನ್ ಮೇಡನ್ ತಂಡವು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಾರ್ಯಕ್ರಮ ನೀಡಿದಾಗ ದೇಶದ ನಾನಾ ಭಾಗಗಳಿಂದ ಸಾವಿರಾರು ಯುವಕರು ಬಂದು ಸೇರಿದ್ದರು. ಕಪ್ಪು ಅಂಗಿ, ಕಿವಿಗಡಚಿಕ್ಕುವ ಗಿಟಾರ್, ಅಂಗಿಯ ಮೇಲೆ 'ಎಡ್ಡಿ' ಎಂಬ ಭಯಾನಕ ಮುಖ. ಇದನ್ನು ಕಂಡು ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. 1982ರಲ್ಲಿ ಈ ತಂಡದ 'ದ ನಂಬರ್ ಆಫ್ ದ ಬೀಸ್ಟ್' ಹೊರಬಂದಾಗ ಅಮೆರಿಕದ ಕೆಲವು ಧಾರ್ಮಿಕ ಗುಂಪುಗಳು ಇವರನ್ನು ಸೈತಾನನ ಆರಾಧಕರೆಂದು ದೂರಿ ರೆಕಾರ್ಡುಗಳನ್ನು ಸುಟ್ಟಿದ್ದವು. ಸಂಗೀತ ಎಷ್ಟರಮಟ್ಟಿಗೆ ಸಮ್ಮತ ಎಂಬ ಚರ್ಚೆ ನಮ್ಮಲ್ಲೂ ಇದೆ. ಆದರೆ ಇಲ್ಲಿ ಹೇಳಹೊರಟಿರುವುದು ಬೇರೆ ಮಾತು.

1975ರಲ್ಲಿ ಲಂಡನ್ನಿನಲ್ಲಿ ಸ್ಟೀವ್ ಹ್ಯಾರಿಸ್ ಕಟ್ಟಿದ ಈ ತಂಡದ ಮೊದಲ ಮೂರು ಆಲ್ಬಂಗಳಿಗೆ ಡ್ರಮ್ಸ್ ನುಡಿಸಿದವರು ಕ್ಲೈವ್ ಬರ್. 1982ರಲ್ಲಿ ಅವರು ತಂಡದಿಂದ ಹೊರಬಿದ್ದರು. ಮುಂದೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಅವರನ್ನು ಗಾಲಿಕುರ್ಚಿಗೆ ತಳ್ಳಿತು. ಅವರು ತಂಡ ಬಿಟ್ಟು ಇಪ್ಪತ್ತು ವರ್ಷಗಳಾಗಿದ್ದವು. ಆದರೂ 2002ರಲ್ಲಿ ಹಳೆಯ ಸಂಗಾತಿಗಳು ಅವರ ಹೆಸರಿನಲ್ಲಿ ನಿಧಿ ಸ್ಥಾಪಿಸಿ, ಲಂಡನ್ನಿನ ಬ್ರಿಕ್ಸ್‌ಟನ್ ಅಕಾಡೆಮಿಯಲ್ಲಿ ಸಹಾಯಾರ್ಥ ಕಾರ್ಯಕ್ರಮಗಳನ್ನು ನಡೆಸಿದರು. ಟಿಕೆಟ್ ಕೊಂಡು ಆ ನಿಧಿ ತುಂಬಿಸಿದವರು ಅಭಿಮಾನಿಗಳು. ಬರ್ 2013ರಲ್ಲಿ ತೀರಿಕೊಂಡರು.

ಪಾಲ್ ಡಿಯಾನೊ ಅವರ ಕಥೆ ಇನ್ನೂ ಕಠಿಣವಾದುದು. ಮೊದಲ ಎರಡು ಆಲ್ಬಂಗಳ ಗಾಯಕನಾದ ಆತ 1981ರಲ್ಲೇ ತಂಡ ಬಿಡಬೇಕಾಯಿತು. ಮಾದಕ ವ್ಯಸನ ಅವರ ಬದುಕನ್ನು ಹಾಳುಮಾಡಿತ್ತು. ಸುಳ್ಳು ಹೇಳಿ ಸರಕಾರಿ ಭತ್ಯೆ ಪಡೆದುದಕ್ಕಾಗಿ 2011ರಲ್ಲಿ ಜೈಲು ಶಿಕ್ಷೆಯೂ ಆಯಿತು. ಕೊನೆಗೆ ನಡೆಯಲೂ ಆಗದ ಸ್ಥಿತಿ. ಆಗ ಅವರ ಚಿಕಿತ್ಸೆಗೆ ಹಣ ಕೂಡಿಸಿದವರಲ್ಲಿ ಆತನನ್ನು ಒಮ್ಮೆಯೂ ಭೇಟಿಯಾಗದ ಅಭಿಮಾನಿಗಳಿದ್ದರು. ಕ್ರೊಯೇಷಿಯಾದಲ್ಲಿ ಚಿಕಿತ್ಸೆ ಪಡೆದು, 2022ರಲ್ಲಿ ಗಾಲಿಕುರ್ಚಿಯಲ್ಲೇ ಕುಳಿತು ಅವರು ಮತ್ತೆ ಹಾಡಿದರು. 2024ರ ಅಕ್ಟೋಬರ್‌ನಲ್ಲಿ ನಿಧನರಾದರು.

ಇದು ನಿಷ್ಠೆಯಲ್ಲ, ತಮ್ಮ ಕಳೆದುಹೋದ ಯೌವನದ ಮೋಹ ಅಷ್ಟೇ ಎಂದು ಯಾರಾದರೂ ಹೇಳಬಹುದು. ಇರಬಹುದು. ಆದರೆ ಒಂಟಿಯಾಗಿದ್ದ ಹದಿನಾರರ ವಯಸ್ಸಿನಲ್ಲಿ ತನಗೆ ಧೈರ್ಯ ಕೊಟ್ಟ ದನಿಯೊಂದಕ್ಕೆ ಐವತ್ತರಲ್ಲಿ ಋಣ ತೀರಿಸುವವನನ್ನು ಮೋಹಿ ಎಂದು ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಕೃತಜ್ಞತೆ ಎಂದರೆ ಪಡೆದುದನ್ನು ಮರೆಯದಿರುವುದೇ ಅಲ್ಲವೇ?

ಹಾಗೆಂದು ಅಭಿಮಾನವೆಲ್ಲವೂ ಒಳ್ಳೆಯದಲ್ಲ. 1994ರಿಂದ 1999ರವರೆಗೆ ಇದೇ ತಂಡದಲ್ಲಿ ಹಾಡಿದ ಬ್ಲೇಝ್ ಬೇಲಿಯನ್ನು, ಹಿಂದಿನ ಗಾಯಕನಂತಿಲ್ಲ ಎಂಬ ಕಾರಣಕ್ಕೆ, ಅನೇಕ ಅಭಿಮಾನಿಗಳು ಒಪ್ಪಿಕೊಳ್ಳಲೇ ಇಲ್ಲ. ಅಭಿಮಾನ ಕುರುಡಾದರೆ ಆರಾಧನೆಯಾಗುತ್ತದೆ. ಆರಾಧನೆ ದೇವನೊಬ್ಬನಿಗೇ ಸಲ್ಲಬೇಕು. ಮನುಷ್ಯನಿಗೆ ಸಲ್ಲಬೇಕಾದುದು ಕೃತಜ್ಞತೆ ಮತ್ತು ಕರುಣೆ. ಆರಾಧಕನಿಗೆ ಬೇಕಾಗಿರುವುದು ತಪ್ಪೇ ಮಾಡದ ವಿಗ್ರಹ. ಕೃತಜ್ಞನಾದವನು ಬಿದ್ದ ಮನುಷ್ಯನನ್ನೂ ಎತ್ತುತ್ತಾನೆ.

ಹಳೆಯ ನಂಟನ್ನು ಉಳಿಸಿಕೊಳ್ಳುವುದು ನಮಗೆ ಹೊಸ ಪಾಠವೇನಲ್ಲ. ಹಝ್ರತ್ ಖದೀಜಾ(ರ) ತೀರಿಕೊಂಡು ವರ್ಷಗಳಾದ ಮೇಲೂ ಪ್ರವಾದಿ ಮುಹಮ್ಮದ್(ಸ) ಆಡು ಕೊಯ್ದಾಗಲೆಲ್ಲ ಅವರ ಗೆಳತಿಯರ ಮನೆಗೆ ಮಾಂಸದ ಪಾಲು ಕಳುಹಿಸುತ್ತಿದ್ದರು. ಹೋದವರಿಂದ ಮರಳಿ ಪಡೆಯುವುದೇನೂ ಇರಲಿಲ್ಲ. ಕೊಡುವುದಷ್ಟೇ ಇತ್ತು.

ಇನ್ನು ನಮ್ಮ ಸಂಘಟನೆಗಳನ್ನು, ಪಕ್ಷಗಳನ್ನು, ಸಂಸ್ಥೆಗಳನ್ನು ನೋಡಿ. ಇಪ್ಪತ್ತು ವರ್ಷ ಕುರ್ಚಿ ಜೋಡಿಸಿ, ಪೋಸ್ಟರ್ ಹಚ್ಚಿ, ಚಂದಾ ಎತ್ತಿದ ಕಾರ್ಯಕರ್ತ ಹಾಸಿಗೆ ಹಿಡಿದರೆ ಎಷ್ಟು ಮಂದಿ ಬಾಗಿಲು ತಟ್ಟುತ್ತಾರೆ? ಭಿನ್ನಾಭಿಪ್ರಾಯದಿಂದ ಹೊರಹೋದವನ ಹೆಸರನ್ನಂತೂ ಸ್ಮರಣ ಸಂಚಿಕೆಯಿಂದಲೂ ಅಳಿಸಿಬಿಡುತ್ತೇವೆ. ಸಹೋದರತೆಯ ಬಗ್ಗೆ ನಾವು ಮಾಡುವ ಭಾಷಣಗಳಿಗೇನೂ ಕಡಿಮೆಯಿಲ್ಲ.

ಆ ಕಪ್ಪು ಅಂಗಿಯ ಹುಡುಗರ ಹಾಡು ನಮಗೆ ಹಿಡಿಸದಿರಬಹುದು. ಆದರೆ ತಂಡ ಬಿಟ್ಟುಹೋದವನೂ, ದಾರಿ ತಪ್ಪಿದವನೂ ತಮ್ಮವನೇ ಎಂದು ಅವರು ಭಾವಿಸಿದರು. ನಾವು ಹೀಗೆ ಮರೆತವರು ಯಾರು ಯಾರು ಎಂದು ಇಂದು ರಾತ್ರಿ ಮಲಗುವ ಮುನ್ನ ಒಮ್ಮೆ ನೆನಪಿಸಿಕೊಂಡು, ನಾಳೆ ಅವರ ಬಾಗಿಲು ತಟ್ಟಬಾರದೇಕೆ?